ಎಪಫ್ರೊದೀತನ ಚೀಟಿ ಯಾವ ಕಟ್ಟಿಗೆ?

ಮಂಗಳೂರಿನ ಹಳೆಯ ಹಂಚಿನ ಮನೆಯೊಂದರ ಜಗಲಿ. ಹೊರಗೆ ಆಷಾಢದ ಮಳೆ ಹಿಡಿದುಕೊಂಡಿತ್ತು. ಚಾಪೆಯ ಮೇಲೆ ಎದುರುಬದುರಾಗಿ ಕೂತವರು ಇಬ್ಬರು: ಪದಕೋಶಗಳ ಕರಡು ತಿದ್ದುವುದರಲ್ಲೇ ಅರ್ಧ ಆಯುಷ್ಯ ಕಳೆದ ಹಿರಿಯರು; ಇತಿಹಾಸದ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಪುಟ್ಟ ಪಾರಿಭಾಷಿಕ ಕೋಶವೊಂದನ್ನು ಸಿದ್ಧಪಡಿಸುತ್ತಿದ್ದ ತರುಣಿ. ಇಬ್ಬರ ನಡುವೆ ಚೀಟಿಗಳ ಎರಡು ಕಟ್ಟು. ಹಳೆಯ ಮದುವೆ ಕಾಗದಗಳನ್ನು ಅಂಗೈಯಗಲಕ್ಕೆ ಕತ್ತರಿಸಿ, ಖಾಲಿ ಬದಿಯಲ್ಲಿ ಒಂದೊಂದು ಹೆಸರು ಬರೆದಿದ್ದಳು. ಎಡಗಡೆಯ ಕಟ್ಟಿಗೆ ‘ಬೈಬಲ್, ಕ್ರೈಸ್ತ’ ಎಂಬ ತಲೆಚೀಟಿ. ಬಲಗಡೆಯದಕ್ಕೆ ‘ಗ್ರೀಕ್ ದೇವತೆಗಳು, ಆಚರಣೆಗಳು’. ಒಂದು ಚೀಟಿ ಮಾತ್ರ ಅವಳ ಕೈಯಲ್ಲೇ ಉಳಿದಿತ್ತು.

“ಎಪಫ್ರೊದೀತ,” ಎಂದು ಓದಿದಳು. “ಹೊಸ ಒಡಂಬಡಿಕೆಯ ಹೆಸರು, ಎಡಗಡೆ ಇಡಬೇಕು. ಆದರೆ ಹೆಸರಿನ ಒಳಗೆ ಅಫ್ರೊದೀತೆ ಕೂತಿದ್ದಾಳೆ, ಗ್ರೀಕರ ಪ್ರೇಮದೇವತೆ. ಅವಳ ಕೃಪೆಗೆ ಪಾತ್ರನಾದವನು ಎಂದು ಅರ್ಥ. ಹಾಗಿದ್ದರೆ ಬಲಗಡೆ ಇಡಬೇಕಲ್ಲವೇ?”

ಹಿರಿಯರು ಚೀಟಿ ತೆಗೆದುಕೊಂಡು ಕನ್ನಡಕ ಸರಿಮಾಡಿಕೊಂಡರು. “ಅವನು ಮಾಡಿದ ಕೆಲಸ ಏನು, ಹೇಳು.”

“ಕ್ರೈಸ್ತ ಬೋಧಕ ಪೌಲ ಸೆರೆಯಲ್ಲಿದ್ದಾಗ ಫಿಲಿಪ್ಪಿ ಊರಿನ ಕ್ರೈಸ್ತರು ಇವನ ಕೈಯಲ್ಲಿ ನೆರವು ಕಳಿಸಿದರು. ಬಂದವನು ಕಾಯಿಲೆ ಬಿದ್ದು ಸಾವಿನ ಬಾಗಿಲು ಮುಟ್ಟಿದ. ಚೇತರಿಸಿಕೊಂಡ ಮೇಲೆ ಪೌಲ ಪತ್ರ ಕೊಟ್ಟು ಅವನನ್ನು ಊರಿಗೆ ವಾಪಸು ಕಳಿಸಿದ.”

“ಆ ಪತ್ರದಲ್ಲಿ ಪೌಲ ಅವನನ್ನು ಸಹೋದರ ಎನ್ನುತ್ತಾನೆ, ಜೊತೆಗೆಲಸದವನು ಎನ್ನುತ್ತಾನೆ, ಜೊತೆಯ ಸೈನಿಕ ಎನ್ನುತ್ತಾನೆ. ಇಷ್ಟು ಹೊಗಳಿದವನು ‘ನಿನ್ನ ಹೆಸರಿನಲ್ಲಿರುವ ದೇವತೆಯನ್ನು ತೆಗೆದುಹಾಕು’ ಎಂದು ಎಲ್ಲಿಯೂ ಹೇಳಲಿಲ್ಲ. ಅದೇ ಹೆಸರನ್ನು ಪ್ರೀತಿಯಿಂದ ಬರೆದ.”

ತರುಣಿಗೆ ಇದು ಒಂಟಿ ಉದಾಹರಣೆ ಇರಬಹುದು ಎನ್ನಿಸಿತು. ಹಿರಿಯರು ಬೆರಳು ಮಡಚುತ್ತ ಹೋದರು. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ನಮಸ್ಕಾರಗಳ ಪಟ್ಟಿ. ಮೊದಲಿಗೇ ಬರುವವಳು ಫೊಯಿಬೆ. ಅದು ಅರ್ತೆಮಿ ದೇವಿಗೆ ಸಲ್ಲುತ್ತಿದ್ದ ಬಿರುದು, ಬೆಳಗುವವಳು ಎಂದರ್ಥ. ಮುಂದೆ ಹೆರ್ಮೆಸ್ ಎಂಬವನೊಬ್ಬ, ದೇವತೆಗಳ ದೂತನ ಹೆಸರೇ. ನೇರೆಯುಸ್ ಇನ್ನೊಬ್ಬ, ಕಡಲ ಮುದುಕ ದೇವತೆಯ ಹೆಸರು. ಒಲಿಂಪಾಸ್ ಎಂಬವನ ಹೆಸರಿನಲ್ಲಿ ದೇವತೆಗಳ ಬೆಟ್ಟವೇ ಇದೆ. ಅಲೆಕ್ಸಾಂಡ್ರಿಯದ ಯೆಹೂದಿ ವಾಗ್ಮಿ ಅಪೊಲ್ಲೋಸನ ಹೆಸರಿಗೆ ಅಪೊಲೊ ಮೂಲ. ಎಫೆಸದಲ್ಲಿ ಪೌಲನ ವಿರುದ್ಧ ಜನರನ್ನು ಎಬ್ಬಿಸಿದ ಬೆಳ್ಳಿಕೆಲಸದ ದೇಮೇತ್ರಿಯನದೂ, ಯೋಹಾನನ 3ನೇ ಪತ್ರದಲ್ಲಿ ಒಳ್ಳೆಯವನೆಂದು ಎಲ್ಲರೂ ಸಾಕ್ಷಿ ಹೇಳುವ ಕ್ರೈಸ್ತ ದೇಮೇತ್ರಿಯನದೂ ಒಂದೇ ಹೆಸರು. ಇಬ್ಬರೂ ಧಾನ್ಯದೇವತೆ ದೆಮೆತೆರಳ ಮಕ್ಕಳು.

“ಹಾಗಾದರೆ ಹೆಸರು ಬದಲಿಸಬೇಕು ಅನ್ನುವುದು ಯಾವಾಗ ಶುರುವಾಯಿತು?”

“ಮೆಲ್ಲಗೆ, ತಡವಾಗಿ. ಕೈಸರೈಯದ ಬಿಷಪ್ ಯುಸೇಬಿಯುಸ್ ಒಂದು ಘಟನೆಯನ್ನು ಬರೆದಿಟ್ಟಿದ್ದಾನೆ. ಸುಮಾರು 310ನೇ ಇಸವಿ, ರೋಮನ್ ಸರ್ಕಾರ ಕ್ರೈಸ್ತರನ್ನು ಬೇಟೆಯಾಡುತ್ತಿದ್ದ ಕಾಲ. ಗಣಿಗಳ ಶಿಕ್ಷೆಗೆ ಗುರಿಯಾದ ಸಂಗಡಿಗರನ್ನು ಅಲ್ಲಿಯವರೆಗೆ ಕಳಿಸಿಕೊಟ್ಟು ಮರಳುತ್ತಿದ್ದ 5 ಜನ ಈಜಿಪ್ಟಿನವರು ಕೈಸರೈಯದ ಊರಬಾಗಿಲಲ್ಲಿ ಸಿಕ್ಕಿಬಿದ್ದರು. ಹೆಸರು ಕೇಳಿದರೆ ಎಲೀಯ, ಯೆರೆಮೀಯ, ಯೆಶಾಯ, ಸಮುವೇಲ, ದಾನಿಯೇಲ ಎಂದರು. ಹೆತ್ತವರು ಇಟ್ಟಿದ್ದ ಹೆಸರುಗಳಲ್ಲಿ ಈಜಿಪ್ಟಿನ ದೇವತೆಗಳು ಇದ್ದುದರಿಂದ ಅವನ್ನು ಬಿಟ್ಟು, ಪ್ರವಾದಿಗಳ ಹೆಸರುಗಳನ್ನು ಹೊದ್ದುಕೊಂಡಿದ್ದರು. ಊರು ಯಾವುದು ಎಂದರೆ ಯೆರೂಸಲೇಮ್ ಎಂದರು; ಅವರ ಮನಸ್ಸಿನಲ್ಲಿದ್ದುದು ಮೇಲಿನ ಲೋಕದ ಊರು. ನ್ಯಾಯಾಧೀಶನಿಗೆ ಅದು ತಿಳಿಯಲಿಲ್ಲ. ಕ್ರೈಸ್ತರು ಎಲ್ಲೋ ಮೂಡಣ ದಿಕ್ಕಿನಲ್ಲಿ ಸಾಮ್ರಾಜ್ಯಕ್ಕೆ ಎದುರಾಗಿ ಊರು ಕಟ್ಟಿಕೊಂಡಿದ್ದಾರೆಂದು ಶಂಕಿಸಿ, ಎಲ್ಲಿದೆ ಹೇಳು ಎಂದು ಹಿಂಸೆ ಕೊಟ್ಟ.”

“ಯೆರೂಸಲೇಮ್ ಗೊತ್ತಿರಲಿಲ್ಲವೇ? ಕೈಸರೈಯದಿಂದ ಅದೇನು ಬಹಳ ದೂರವೂ ಅಲ್ಲ!”

“ಆ ಹೊತ್ತಿಗೆ ಅದರ ಹೆಸರು ಏಲಿಯಾ ಕಪಿತೋಲಿನಾ. 2ನೇ ಶತಮಾನದಲ್ಲಿ ಚಕ್ರವರ್ತಿ ಹೇಡ್ರಿಯನ್ ತನ್ನ ಮನೆತನದ ಹೆಸರನ್ನೂ ರೋಮಿನ ಕಪಿತೋಲ್ ಗುಡ್ಡದ ಅಧಿದೇವತೆ ಜುಪಿಟರನ ಬಿರುದನ್ನೂ ಸೇರಿಸಿ ಊರಿಗೆ ಹೊಸ ಹೆಸರು ಇಟ್ಟಿದ್ದ. ಎರಡು ಶತಮಾನ ಕಳೆಯುವುದರೊಳಗೆ ರೋಮಿನ ಅಧಿಕಾರಿಗೆ ಹಳೆಯ ಹೆಸರು ಗುರುತೇ ಹತ್ತಲಿಲ್ಲ. ಹೆಸರು ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಆ ಕಟಕಟೆಯಲ್ಲಿ ಎರಡೂ ಸಾಕ್ಷಿ ಇದ್ದವು. ಆಳುವವನು ಬದಲಿಸಿದ ಊರಿನ ಹೆಸರು, ಸಾಯಲು ಸಿದ್ಧರಾದವರು ತಾವೇ ಬದಲಿಸಿಕೊಂಡ ಹೆಸರು.”

ಮಳೆಯ ಎರಚಲು ಚಾಪೆಯ ಅಂಚಿಗೆ ಬಂತು. ತರುಣಿ ಕಟ್ಟುಗಳನ್ನು ಗೋಡೆಯ ಕಡೆಗೆ ಸರಿಸಿದಳು. ಎಪಫ್ರೊದೀತ ಇನ್ನೂ ಹೊರಗೇ ಇದ್ದ.

“ಹೆಸರು ಬಿಡು,” ಎಂದರು ಹಿರಿಯರು. “ಪೌಲ ಅವನಿಗೆ ಕೊಟ್ಟ ಎರಡು ಪದವಿಗಳ ಚೀಟಿ ತೆಗೆ. ‘ಅಪೊಸ್ತಲ’ ಎಲ್ಲಿದೆ?”

“ಎಡಗಡೆ.”

“ಫಿಲಿಪ್ಪಿಯವರ ಅಪೊಸ್ತೊಲೊಸ್ ಎಂದೇ ಪೌಲ ಎಪಫ್ರೊದೀತನನ್ನು ಕರೆದದ್ದು. ಅಲ್ಲಿ ಅದರ ಅರ್ಥ ಕಳಿಸಲ್ಪಟ್ಟವನು, ನಿಮ್ಮ ಕಡೆಯ ದೂತ ಎಂದಷ್ಟೇ. ಅಥೆನ್ಸಿನವರ ಬಾಯಲ್ಲಿ ಅದು ಹೆಚ್ಚಾಗಿ ಯುದ್ಧಕ್ಕೆ ಕಳಿಸಿದ ಹಡಗುಪಡೆ. ಹಡಗುಕಟ್ಟೆಯಲ್ಲಿ ಬಳಕೆಯಲ್ಲಿದ್ದ ಮಾತು. ಇನ್ನೊಂದು, ‘ಲೆಯ್ತೂರ್ಗೊಸ್’. ಅದರಿಂದಲೇ ಬಂದದ್ದು ಲಿಟರ್ಜಿ, ಇವತ್ತು ಆರಾಧನಾ ವಿಧಿ ಎಂದು ನಾವು ಬರೆಯುವುದು.”

“ಅದೂ ಎಡಗಡೆಯಲ್ಲೇ ಇದೆ.”

“ಅಥೆನ್ಸಿನಲ್ಲಿ ಲೆಯ್ತೂರ್ಗಿಯ ಎಂದರೆ ಉಳ್ಳವನು ಊರಿಗೆ ಸಲ್ಲಿಸಬೇಕಾದ ಸೇವೆ, ಸ್ವಂತ ದುಡ್ಡಿನಿಂದ. ಒಬ್ಬ ಒಂದು ವರ್ಷ ಯುದ್ಧದ ಹಡಗಿನ ಖರ್ಚು ಹೊರಬೇಕು. ಇನ್ನೊಬ್ಬ ದಿಯೊನಿಸಸ್ ದೇವರ ಜಾತ್ರೆಯಲ್ಲಿ ಆಡುವ ನಾಟಕದ ಮೇಳಕ್ಕೆ ತರಬೇತಿ, ವೇಷ, ಊಟ ಎಲ್ಲ ಒದಗಿಸಬೇಕು. ನಮ್ಮ ಹರಕೆಯ ಯಕ್ಷಗಾನ ಆಟಕ್ಕೆ ಮನೆಯವರು ಮೇಳವನ್ನು ಕರೆಸಿ ಖರ್ಚು ವಹಿಸಿಕೊಳ್ಳುತ್ತಾರಲ್ಲ, ಆ ಹೊಣೆಯನ್ನು ಊರೇ ಹೊರಿಸಿದ ಹಾಗೆ. ಫಿಲಿಪ್ಪಿಯ ಬಡ ಸಭೆಯಿಂದ ಸೆರೆಮನೆಗೆ ಒಂದಿಷ್ಟು ನೆರವು ಹೊತ್ತು ತಂದವನಿಗೆ ಪೌಲ ಈ ಶ್ರೀಮಂತರ ಪದ ಕೊಟ್ಟ. ಆಗ ಪದ ಅರ್ಥ ಬದಲಿಸಿತು.”

ತರುಣಿ ಎರಡೂ ಚೀಟಿಗಳನ್ನು ಹೊರತೆಗೆದು ಎಪಫ್ರೊದೀತನ ಪಕ್ಕ ಇಟ್ಟಳು. ನಡುವೆ ಮೂರನೆಯ ಗುಂಪೊಂದು ತಾನಾಗಿ ಹುಟ್ಟಿಕೊಂಡಿತು.

ಅದು ಬೆಳೆಯುತ್ತ ಹೋಯಿತು. ‘ಬಿಷಪ್’ ಎಂಬುದರ ಮೂಲ ಎಪಿಸ್ಕೊಪೊಸ್, ಮೇಲ್ವಿಚಾರಕ. ಅಥೆನ್ಸ್ ತನ್ನ ಅಧೀನ ಊರುಗಳಿಗೆ ಕಳಿಸುತ್ತಿದ್ದ ಅಧಿಕಾರಿಗೂ ಅದೇ ಹೆಸರು. ಪೋರ್ಚುಗೀಸರ ಬಾಯಲ್ಲಿ ಅದು ‘ಬಿಸ್ಪೊ’, ಇಲ್ಲಿನ ಕೊಂಕಣಿಯಲ್ಲಿ ‘ಬಿಸ್ಪ್’. ‘ದೀಕನ್’ ಎಂಬುದರ ಮೂಲ ದಿಯಾಕೊನೊಸ್, ಊಟ ಬಡಿಸುವ ಆಳು. ಕೊರಿಂಥದ ಬಂದರು ಕೆಂಕ್ರೆಯದ ಸಭೆಯ ದಿಯಾಕೊನೊಸ್ ಎಂದು ಪೌಲ ಕರೆದದ್ದು ಫೊಯಿಬೆ ಎಂಬ ಆ ಹೆಂಗಸನ್ನೇ. ‘ಮಾರ್ಟರ್’ ಎಂದರೆ ಮೊದಲಿಗೆ ನ್ಯಾಯಾಲಯದ ಸಾಕ್ಷಿ. ನಂಬಿಕೆಗೆ ಸಾಕ್ಷಿ ನುಡಿದವರು ತಲೆ ಕೊಡಬೇಕಾಗಿ ಬಂದ ಮೇಲೆ ಹುತಾತ್ಮ ಎಂಬ ಅರ್ಥ ಸೇರಿತು. ಅರಬ್ಬಿಯ ‘ಶಹೀದ್’ ಕೂಡ ಸಾಕ್ಷಿ ಎಂಬ ಬೇರಿನಿಂದಲೇ ಬಂದದ್ದು.

“ಸುವಾರ್ತೆಯಾದರೂ ನಮ್ಮದಾಗಿ ಎಡಗಡೆ ಉಳಿಯುತ್ತದೋ?” ಎಂದು ಕೇಳಿದಳು.

“ಯುಅಂಗೆಲಿಯೊನ್. ಹೋಮರನ ಒದಿಸ್ಸಿಯಲ್ಲಿ ಅದು ಒಳ್ಳೆಯ ಸುದ್ದಿ ತಂದವನಿಗೆ ಕೊಡುವ ಇನಾಮು. ಕ್ರಿಸ್ತಪೂರ್ವ 9ರಲ್ಲಿ, ಈಗಿನ ಟರ್ಕಿಯ ಪಶ್ಚಿಮ ತೀರದ ಪ್ರಿಯೇನೆ ಎಂಬ ಊರಿನಲ್ಲಿ ಒಂದು ಶಾಸನ ಕೆತ್ತಿಸಿದರು. ಚಕ್ರವರ್ತಿ ಅಗಸ್ಟಸ್ ಹುಟ್ಟಿದ ದಿನವೇ ಲೋಕಕ್ಕೆ ಶುಭವಾರ್ತೆಗಳ ಆರಂಭ, ಅಂದಿನಿಂದಲೇ ವರ್ಷ ಶುರುವಾಗಲಿ ಎಂಬ ಒಕ್ಕಣೆ. ಅದರಲ್ಲಿ ಇದೇ ಪದವಿದೆ, ಬಹುವಚನದಲ್ಲಿ. ಆಮೇಲೆ ಒಂದು ಶತಮಾನವೂ ತುಂಬುವ ಮೊದಲು ಮಾರ್ಕ ತನ್ನ ಪುಸ್ತಕದ ಮೊದಲ ಸಾಲಿನಲ್ಲೇ ಆ ಪದವನ್ನು, ರೋಮನ್ನರು ಶಿಲುಬೆಗೆ ಹಾಕಿದ ಬಡಗಿಯೊಬ್ಬನಿಗೆ ಕೊಟ್ಟ. ಅರಮನೆಯ ಪದವನ್ನು ಎತ್ತಿಕೊಂಡು ಬಂದು ಹೀಗೆ ಬಳಸುವುದಕ್ಕೆ ಧೈರ್ಯ ಬೇಕಿತ್ತು.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಹಳ ಹೊತ್ತಿನಿಂದ ಒಳಗಿದ್ದ ಆಕ್ಷೇಪವನ್ನು ಹೊರಗಿಟ್ಟಳು. “ಹೀಗೆ ಒಂದೊಂದನ್ನೂ ಬಿಚ್ಚಿ ತೋರಿಸಿದರೆ, ಓದುವ ಹುಡುಗರು ಇವರಲ್ಲಿ ಸ್ವಂತದ್ದೇನೂ ಇರಲಿಲ್ಲ, ಎಲ್ಲ ಎರವಲು ಎಂದುಕೊಳ್ಳುವುದಿಲ್ಲವೇ? ನನ್ನ ಅಜ್ಜಿ ಪ್ರತಿ ಭಾನುವಾರ ಪೂಜೆಗೆ ಹೋಗುತ್ತಾಳೆ. ಲೆಯ್ತೂರ್ಗಿಯ ಎಂದರೆ ಹಡಗಿನ ಖರ್ಚು ಎಂದರೆ ಅವಳಿಗೆ ಏನಾಗಬೇಕು?”

ಹಿರಿಯರು ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. “ನಿನ್ನ ಅಜ್ಜಿಯ ಬಾಯಲ್ಲಿರುವ ಅರ್ಥವೂ ಅರ್ಥವೇ. ಎರಡು ಸಾವಿರ ವರ್ಷ ಜನ ಮಂಡಿಯೂರಿ ಹೇಳಿದ ಪದಕ್ಕೆ ಆ ಮಂಡಿಯ ಭಾರವೂ ಸೇರಿರುತ್ತದೆ. ಹಡಗಿನ ಖರ್ಚೇ ನಿಜವಾದ ಅರ್ಥ, ಉಳಿದದ್ದು ಸುಳ್ಳು ಎಂದು ಕೋಶ ಹೇಳಿದರೆ ಅದು ತಪ್ಪು. ಆದರೆ ಹಡಗಿನ ಸಂಗತಿಯನ್ನು ಬಿಟ್ಟುಬಿಟ್ಟರೆ, ಆ ಪದ ಆಕಾಶದಿಂದ ಬಿತ್ತು ಎಂದು ಹುಡುಗರು ತಿಳಿಯುತ್ತಾರೆ. ಫಿಲಿಪ್ಪಿಯಲ್ಲಿ ಕೂತು ಪೌಲನ ಪತ್ರ ಕೇಳಿದವರಿಗೆ ಹಡಗೂ ಗೊತ್ತಿತ್ತು, ನಾಟಕದ ಮೇಳವೂ ಗೊತ್ತಿತ್ತು. ಅವರಿಗೆ ಕೇಳಿಸಿದ್ದು ನಮಗೂ ಕೇಳಿಸಬೇಕು.”

“ಎಲ್ಲ ಪದಗಳೂ ಹೀಗೆ ಮೇಲಕ್ಕೇ ಹೋದವೇ?”

“ಬಲಗಡೆಯಿಂದ ‘ದೈಮೊನ್’ ತೆಗೆ.”

ಚೀಟಿ ಸಿಕ್ಕಿತು. ಹೆಸಿಯಡ್ ಕವಿಯ ಲೆಕ್ಕದಲ್ಲಿ, ಹಿರಿಯರು ವಿವರಿಸಿದರು, ಚಿನ್ನದ ಯುಗದ ಮನುಷ್ಯರು ತೀರಿಕೊಂಡ ಮೇಲೆ ದೈಮೊನ್‌ಗಳಾದರು. ಭೂಮಿಯ ಮೇಲೆ ಅಡ್ಡಾಡುತ್ತ ಬದುಕಿರುವವರನ್ನು ಕಾಯುತ್ತಾರೆ. ಸಾಕ್ರಟೀಸನಿಗೆ ತಪ್ಪು ಹೆಜ್ಜೆ ಇಡುವಾಗೆಲ್ಲ ಬೇಡ ಎಂದು ತಡೆಯುತ್ತಿದ್ದ ಒಳದನಿಗೂ ‘ದೈಮೊನಿಯೊನ್’ ಎಂದೇ ಹೆಸರು. ಅರಿಸ್ಟಾಟಲ್ ಬಾಳಿನ ಗುರಿ ಎಂದ ‘ಯುದೈಮೊನಿಯ’ದಲ್ಲೂ ಅದೇ ಇದೆ: ಒಳ್ಳೆಯ ದೈಮೊನ್ ಜೊತೆಗಿರುವ ಬದುಕು.

“ಆಮೇಲೆ ಹೀಬ್ರೂ ಧರ್ಮಗ್ರಂಥ ಗ್ರೀಕಿಗೆ ಬಂತು. 96ನೇ ಕೀರ್ತನೆಯಲ್ಲಿ ಅನ್ಯಜನರ ದೇವತೆಗಳನ್ನು ಹೀಬ್ರೂ ಕವಿ ‘ಎಲೀಲಿಮ್’ ಎಂದಿದ್ದ, ಬೆಲೆಯಿಲ್ಲದವು ಎಂದರ್ಥ. ಗ್ರೀಕಿಗೆ ತಂದವರು ಆ ಜಾಗಕ್ಕೆ ‘ದೈಮೊನಿಯ’ ಹಾಕಿದರು. ಅಲ್ಲಿಂದ ಮುಂದೆ ಕಾವಲು ಕಾಯುತ್ತಿದ್ದದ್ದು ಕಾಟ ಕೊಡುವುದಾಯಿತು, ಡೀಮನ್ ಆಯಿತು. ಸಾಕ್ರಟೀಸನ ಒಳದನಿ ದೆವ್ವವಾಯಿತೇ ಎಂದು ಮುಂದಿನ ಕ್ರೈಸ್ತ ಲೇಖಕರೇ ತಮ್ಮತಮ್ಮಲ್ಲಿ ವಾದ ಮಾಡಬೇಕಾಯಿತು.”

ತರುಣಿ ಥಟ್ಟನೆ ತಲೆಯೆತ್ತಿದಳು. “ದೆವ್ವ! ಅದೂ ಹಾಗೇ ಅಲ್ಲವೇ? ಸಂಸ್ಕೃತದ ‘ದೈವ’ ಪ್ರಾಕೃತದಲ್ಲಿ ‘ದೆವ್ವ’.”

“ಒಂದೇ ಪದ, ಎರಡು ಗತಿ. ತತ್ಸಮ ಗರ್ಭಗುಡಿಯ ಒಳಗೆ ಉಳಿಯಿತು, ತದ್ಭವ ಊರಾಚೆಯ ಹುಣಸೆಮರ ಹತ್ತಿತು. ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ಈ ಅಂಗಳದಿಂದಾಚೆ ನೋಡು. ತುಳುವರು ದೈವ ಎಂದು ಕೈಮುಗಿಯುವುದನ್ನು, ನ್ಯಾಯ ಕೇಳುವುದನ್ನು, 19ನೇ ಶತಮಾನದಲ್ಲಿ ಬರ್ನೆಲ್ ಎಂಬ ಬ್ರಿಟಿಷ್ ಅಧಿಕಾರಿ ಸಂಗ್ರಹಿಸಿದ. ದೈವಗಳ ಕತೆ ಹೇಳುವ ಪಾಡ್ದನದ ಹಾಡುಗಳನ್ನು ಅಷ್ಟು ಜತನದಿಂದ ಉಳಿಸಿಕೊಟ್ಟ ಆ ಕೆಲಸ ಅಚ್ಚಾಗುವಾಗ ತಲೆಬರಹ ‘ತುಳುವರ ಪಿಶಾಚಾರಾಧನೆ’ ಎಂಬರ್ಥದ್ದಾಯಿತು. ಗ್ರೀಕ್ ಕೀರ್ತನೆಯಲ್ಲಿ ನಡೆದದ್ದೇ ಇಲ್ಲಿಯೂ ನಡೆಯಿತು. ಇನ್ನೊಬ್ಬರ ಪೂಜೆಗೆ ಹೆಸರಿಡುವ ಅಧಿಕಾರ ಯಾರ ಕೈಗೆ ಬಂತೋ ಅವರು ಇಟ್ಟರು.”

ಮಾತಿನಲ್ಲಿ ಅವರ ದನಿ ಏರಿತ್ತು. ಒಳಗಿನಿಂದ ಚಹಾ ಬಂತು. ಲೋಟ ಕೆಳಗಿಡುವ ಮೊದಲೇ ಅವರು ಮತ್ತೊಂದು ಚೀಟಿ ಕೇಳಿದರು.

“‘ಹೆರೆಸಿ’ ಎಲ್ಲಿದೆ?”

“ಎಡಗಡೆ. ಪಾಷಂಡವಾದ ಎಂದು ಕನ್ನಡ ಬರೆದಿದ್ದೇನೆ. ಅಧಿಕೃತ ಬೋಧನೆಗೆ ವಿರುದ್ಧವಾದ ಮತ.”

“ಪಾಷಂಡ ಬರೆದದ್ದು ನೀನು ತಿಳಿಯದೆಯೇ ಮಾಡಿದ ದೊಡ್ಡ ಕೆಲಸ,” ಎಂದರು. “ಹೈರೆಸಿಸ್ ಎಂದರೆ ಗ್ರೀಕಿನಲ್ಲಿ ಆಯ್ಕೆ. ನೀನು ಒಂದು ತತ್ತ್ವಶಾಸ್ತ್ರದ ಶಾಲೆ ಆರಿಸಿಕೊಂಡರೆ ಅದು ನಿನ್ನ ಹೈರೆಸಿಸ್. ಬೈಗುಳದ ಸೋಂಕೂ ಇರಲಿಲ್ಲ. ಯೆಹೂದಿ ಇತಿಹಾಸಕಾರ ಜೋಸೆಫಸ್ ಫರಿಸಾಯರು, ಸದ್ದುಕಾಯರು, ಎಸ್ಸೀನರು ಎಂಬ ಮೂರು ಪಂಥಗಳಿಗೂ ಅದೇ ಪದ ಬಳಸುತ್ತಾನೆ. ಅಪೊಸ್ತಲರ ಕೃತ್ಯಗಳಲ್ಲಿ ಪೌಲ ನ್ಯಾಯಾಧಿಕಾರಿಯ ಎದುರು, ನಮ್ಮ ಮಾರ್ಗವನ್ನು ಇವರು ಹೈರೆಸಿಸ್ ಎನ್ನುತ್ತಾರೆ ಎಂದು ಹೇಳಿಕೊಳ್ಳುತ್ತಾನೆ. ಎಂದರೆ ಕ್ರೈಸ್ತರೇ ಒಂದು ಹೈರೆಸಿಸ್ ಅನ್ನಿಸಿಕೊಂಡಿದ್ದರು. ಸುಮಾರು 180ರ ಹೊತ್ತಿಗೆ ಲಿಯೋನಿನ ಬಿಷಪ್ ಇರೆನೇಯುಸ್ ಹೈರೆಸಿಸ್‌ಗಳನ್ನು ಖಂಡಿಸಿ 5 ಸಂಪುಟ ಬರೆದ. ಆಯ್ಕೆ ಅಪರಾಧವಾಯಿತು.”

“ಪಾಷಂಡದಲ್ಲಿ ಏನಿದೆ?”

“ಅಶೋಕನ 12ನೇ ಬಂಡೆ ಶಾಸನ. ಎಲ್ಲ ‘ಪಾಸಂಡ’ಗಳಿಗೂ ಗೌರವ ಸಲ್ಲಬೇಕು, ತನ್ನ ಪಾಸಂಡವನ್ನು ಹೊಗಳಲು ಇನ್ನೊಬ್ಬರದ್ದನ್ನು ಹಳಿಯಬಾರದು ಎನ್ನುತ್ತದೆ. ಅಲ್ಲಿ ಪಾಸಂಡ ಎಂದರೆ ಪಂಥ, ಬೈಗುಳ ಅಲ್ಲವೇ ಅಲ್ಲ. ಆ ಶಾಸನದ ಒಂದು ಪ್ರತಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಸಿಕ್ಕಿದೆ, ಭೀಮಾ ನದಿಯ ದಂಡೆಯಲ್ಲಿ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲು. ಮುಂದಿನ ಕಾಲದಲ್ಲಿ ಅದೇ ಪಾಷಂಡ ವೇದಬಾಹ್ಯ, ಧರ್ಮಭ್ರಷ್ಟ ಎಂಬ ಮೂದಲಿಕೆಯಾಯಿತು. ಹೈರೆಸಿಸ್ ಇಳಿದ ಮೆಟ್ಟಿಲನ್ನೇ ಪಾಷಂಡವೂ ಇಳಿಯಿತು, ಒಂದು ಇನ್ನೊಂದನ್ನು ನೋಡದೆ.”

ತರುಣಿ ಬರೆದುಕೊಳ್ಳುತ್ತಿದ್ದಳು. ಹಿರಿಯರು ಈಗ ಅವಳಿಗಿಂತ ತಾವೇ ಹೆಚ್ಚು ಉತ್ಸುಕರಾಗಿದ್ದರು.

“ಕೇಳು, ಇದು ಇಲ್ಲಿಗೇ ನಿಲ್ಲುವುದಿಲ್ಲ. 12ನೇ ಶಾಸನದ ಕೊನೆಯ ಭಾಗ, 13ನೆಯದರ ಆರಂಭ, ಅಫ್ಘಾನಿಸ್ತಾನದ ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲಿ ಸಿಕ್ಕಿತು, 1963ರಲ್ಲಿ. ಅಲ್ಲಿದ್ದ ಗ್ರೀಕ್ ಪ್ರಜೆಗಳಿಗಾಗಿ ಅಶೋಕನ ಕಡೆಯವರೇ ಮಾಡಿಸಿದ ಅನುವಾದ. ಪಾಸಂಡಕ್ಕೆ ಆ ಅನುವಾದಕ ಆರಿಸಿದ ಪದ ‘ದಿಯಾತ್ರಿಬೆ’, ತತ್ತ್ವಜ್ಞಾನಿಗಳ ಶಾಲೆ. ಅದೇ ಊರಲ್ಲಿ 1958ರಲ್ಲಿ ಸಿಕ್ಕ ಇನ್ನೊಂದು ಶಾಸನ ಗ್ರೀಕ್ ಮತ್ತು ಅರಮಾಯಿಕ್ ಎರಡರಲ್ಲೂ ಇದೆ. ಅದರಲ್ಲಿ ‘ಧಮ್ಮ’ಕ್ಕೆ ಹಾಕಿದ ಗ್ರೀಕ್ ಪದ ‘ಯುಸೇಬೆಯ’.”

“ಯುಸೇಬೆಯ! ಆಗ ಹೇಳಿದ ಬಿಷಪ್ ಯುಸೇಬಿಯುಸ್?”

“ಅದೇ ಬೇರು. ಧರ್ಮಪ್ಪ ಎಂದು ನಮ್ಮಲ್ಲಿ ಹೆಸರಿಡುವುದಿಲ್ಲವೇ, ಹಾಗೆ. ದೇವರಿಗೆ, ಹಿರಿಯರಿಗೆ ಸಲ್ಲಬೇಕಾದ ಭಯಭಕ್ತಿ ಗ್ರೀಕರ ಯುಸೇಬೆಯ. ಅಶೋಕನ ಅನುವಾದಕ ಅದನ್ನು ಧಮ್ಮಕ್ಕೆ ಎರವಲು ತಂದ. ಸುಮಾರು ಮೂರೂವರೆ ಶತಮಾನದ ಮೇಲೆ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಅದು ಕ್ರೈಸ್ತ ಭಕ್ತಿಯಾಯಿತು. ಇನ್ನೂ ಒಂದು ಸೋಜಿಗ ಇದೆ. ಅಶೋಕನ 13ನೇ ಶಾಸನದಲ್ಲಿ ಪಶ್ಚಿಮದ 5 ರಾಜರ ಹೆಸರಿದೆ. ಅದರಲ್ಲಿ ‘ತುರಮಾಯ’ ಎಂಬವನು ಈಜಿಪ್ಟಿನ 2ನೇ ಟಾಲೆಮಿ. ಯೆಹೂದಿ ಸಂಪ್ರದಾಯದ ಪ್ರಕಾರ ಹೀಬ್ರೂ ಧರ್ಮಶಾಸ್ತ್ರವನ್ನು ಗ್ರೀಕಿಗೆ ಮಾಡಿಸಲು ಅಲೆಕ್ಸಾಂಡ್ರಿಯಕ್ಕೆ 72 ಹಿರಿಯರನ್ನು ಕರೆಸಿಕೊಂಡವನು ಅದೇ ಟಾಲೆಮಿ. ಆ 72ರಿಂದಲೇ ಸೆಪ್ತುಅಜಿಂತ, ಎಪ್ಪತ್ತರ ಅನುವಾದ, ಎಂಬ ಹೆಸರು ಬಂದದ್ದು. ಹಿರಿಯರ ಕತೆ ಏನೇ ಇರಲಿ, ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಆ ಕೆಲಸ ಶುರುವಾದದ್ದು ದಿಟ. ಒಂದೇ ಶತಮಾನದಲ್ಲಿ ಅಲ್ಲಿ ಮೋಶೆಯ ಧರ್ಮ, ಇಲ್ಲಿ ಅಶೋಕನ ಧರ್ಮ, ಎರಡೂ ಗ್ರೀಕ್ ಮಾತಾಡಲು ಕಲಿಯುತ್ತಿದ್ದವು.”

ಮಳೆ ಸಣ್ಣದಾಯಿತು. ದೂರದ ಇಗರ್ಜಿಯ ಸಂಜೆಗಂಟೆ ಕೇಳಿಸಿತು. ತರುಣಿ ‘ಇಗರ್ಜಿ’ ಎಂಬ ಚೀಟಿಯನ್ನೂ ‘ಚರ್ಚ್’, ‘ಸಭೆ’ ಎಂಬ ಚೀಟಿಗಳನ್ನೂ ಒಟ್ಟಿಗೆ ಎತ್ತಿ ಹಿಡಿದಳು. “ಈ ಮೂರರಲ್ಲಿ ತಲೆಪದ ಯಾವುದು ಮಾಡಲಿ? ಎಲ್ಲವೂ ಒಂದೇ ಅಲ್ಲವೇ?”

“ಒಂದೇ ಆಗಿದ್ದರೆ ಜನ ಸಾಯುತ್ತಿರಲಿಲ್ಲ,” ಎಂದರು ಹಿರಿಯರು.

ಎಕ್ಲೆಸಿಯ ಎಂದರೆ ಅಥೆನ್ಸಿನ ಜನಸಭೆ. ಪ್ನಿಕ್ಸ್ ಎಂಬ ಗುಡ್ಡದ ಮೇಲೆ ಕೂಡುತ್ತಿತ್ತು. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ವರ್ಷಕ್ಕೆ 40 ಸಭೆ, ಕೆಲವು ನಿರ್ಣಯಗಳಿಗೆ 6,000 ಜನರ ಹಾಜರಿ ಕಡ್ಡಾಯ. ಹೆಂಗಸರಿಗೂ ಗುಲಾಮರಿಗೂ ಅಲ್ಲಿ ಜಾಗವಿರಲಿಲ್ಲ. ಹೊಸ ಒಡಂಬಡಿಕೆಯಲ್ಲಿಯೇ ಈ ಹಳೆಯ ಅರ್ಥ ಇನ್ನೂ ಬದುಕಿದೆ. ಎಫೆಸದ ರಂಗಮಂದಿರದಲ್ಲಿ ಅರ್ತೆಮಿ ದೇವಿಗೆ ಜೈಕಾರ ಹಾಕುತ್ತ ಸುಮಾರು 2 ತಾಸು ಗದ್ದಲ ಮಾಡಿದ ಜನರ ಗುಂಪಿಗೂ ಅಲ್ಲಿ ‘ಎಕ್ಲೆಸಿಯ’ ಎಂಬುದೇ ಪದ. ದೂರಿದ್ದರೆ ನ್ಯಾಯಾಲಯವಿದೆ, ಬೇರೇನಾದರೂ ಇದ್ದರೆ ಕ್ರಮಬದ್ಧ ಎಕ್ಲೆಸಿಯದಲ್ಲಿ ತೀರ್ಮಾನವಾಗಲಿ ಎಂದು ಊರ ಕಾರ್ಯದರ್ಶಿ ಅವರನ್ನು ಚದುರಿಸುತ್ತಾನೆ. ಅದೇ ಪದವನ್ನು ಎಪ್ಪತ್ತರ ಅನುವಾದಕರು ಮರುಭೂಮಿಯಲ್ಲಿ ಕೂಡಿದ ಇಸ್ರಾಯೇಲ್ ಜನಕ್ಕೆ ಬಳಸಿದ್ದರು. ಕ್ರೈಸ್ತರು ಅದನ್ನು ಎತ್ತಿಕೊಂಡಾಗ ಗುಲಾಮನೂ ಹೆಂಗಸೂ ಒಳಗೆ ಬಂದರು.

“1526ರಲ್ಲಿ ವಿಲಿಯಂ ಟಿಂಡೇಲ್ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದಾಗ ಎಕ್ಲೆಸಿಯಕ್ಕೆ ಚರ್ಚ್ ಎನ್ನದೆ, ಕೂಡಿದ ಜನ ಎಂಬ ಅರ್ಥದ ಪದ ಹಾಕಿದ. ಇಂಗ್ಲೆಂಡಿನ ಕಥೋಲಿಕ ವಿದ್ವಾಂಸ ಥಾಮಸ್ ಮೋರ್ ಸಿಡಿದೆದ್ದ. ಒಂದು ಪದ ಬದಲಾದರೆ ಪೋಪನಿಂದ ಹಿಡಿದು ಪಾದ್ರಿಯವರೆಗಿನ ಏಣಿಯೇ ಅಲುಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. 1536ರಲ್ಲಿ ಬ್ರಸೆಲ್ಸ್ ಹತ್ತಿರ ಟಿಂಡೇಲನ ಕತ್ತು ಬಿಗಿದು ಕೊಂದು ದೇಹವನ್ನು ಸುಟ್ಟರು. ಆರೋಪ ಹೈರೆಸಿಸ್. ಮುಂದೆ ರಾಜ ಜೇಮ್ಸ್ ತನ್ನ ಅನುವಾದಕರಿಗೆ ಕೊಟ್ಟ ನಿಯಮಗಳಲ್ಲಿ ಚರ್ಚ್ ಎಂದೇ ಬರೆಯಬೇಕು ಎಂದು ಹೆಸರೆತ್ತಿ ಹೇಳಿಸಿದ.”

“ಕನ್ನಡಕ್ಕೆ ತಂದವರು ‘ಸಭೆ’ ಎಂದರು.”

“ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು 1830ರ ದಶಕದ ಆರಂಭಕ್ಕೆ ಇಡೀ ಬೈಬಲನ್ನು ಕನ್ನಡಕ್ಕೆ ತಂದಿದ್ದರು. ಕನ್ನಡ ಕ್ರೈಸ್ತರ ಬಾಯಲ್ಲಿ ನಿಂತ ‘ಸಭೆ’ ಟಿಂಡೇಲನ ಕಡೆಗೂ, ಅವನನ್ನು ದಾಟಿ ಆ ಪ್ನಿಕ್ಸ್ ಗುಡ್ಡದ ಕಡೆಗೂ ಕೈಚಾಚುತ್ತದೆ. ಕಥೋಲಿಕರು ‘ಧರ್ಮಸಭೆ’ ಎಂದರು. ಇಗರ್ಜಿ ಎಕ್ಲೆಸಿಯದ್ದೇ ರೂಪ, ಪೋರ್ಚುಗೀಸಿನ ‘ಇಗ್ರೆಜ’ದಿಂದ ಕರಾವಳಿಗೆ ಹಡಗು ಹತ್ತಿ ಬಂದದ್ದು. ಚರ್ಚ್ ಮಾತ್ರ ಬೇರೆ ಬೇರಿನದು: ಕುರಿಯಾಕೊನ್, ಒಡೆಯನದು. ಒಂದು ಜನರ ಹೆಸರು, ಒಂದು ಒಡೆಯನ ಹೆಸರು. ಮೂರಕ್ಕೂ ಮೂರು ಚೀಟಿ ಇರಲಿ.”

ಅವಳು ತಲೆಯಾಡಿಸಿದಳು. ಹಾಗೆ ನೋಡಿದರೆ ಅವಳ ಸಂಬಂಧಿಕರ ಒಂದೇ ಮದುವೆ ಮನೆಯಲ್ಲಿ ಮೂರು ದಾರಿಯಿಂದ ಬಂದ ಹೆಸರುಗಳು ಕೂಡುತ್ತಿದ್ದವು. ಕನ್ನಡ ಬೈಬಲಿನ ಪೇತ್ರ, ಯೋಹಾನ ಗ್ರೀಕಿಗೆ ಹತ್ತಿರ. ಅಜ್ಜಂದಿರ ಪೆದ್ರು, ಜುವಾಂವ್ ಪೋರ್ಚುಗೀಸಿನವು. ಮೊಮ್ಮಕ್ಕಳ ಪೀಟರ್, ಜಾನ್ ಇಂಗ್ಲಿಷಿನವು. ಪೇತ್ರನ ಹೆಸರು ಅವನೂರಿನ ಅರಮಾಯಿಕ್‌ನಲ್ಲಿ ಕೇಫ, ಬಂಡೆ ಎಂದು. ಪೆತ್ರೊಸ್ ಅದರ ಗ್ರೀಕ್ ಅನುವಾದ. ತೋಮ ಎಂಬುದೂ ಹೆಸರಿಗಿಂತ ಮೊದಲು ಅರಮಾಯಿಕ್‌ನಲ್ಲಿ ‘ಅವಳಿ’ ಎಂಬ ಪದ; ಅದಕ್ಕೇ ಯೋಹಾನನ ಸುವಾರ್ತೆ ದಿದುಮ ಎಂಬ ಗ್ರೀಕ್ ಅರ್ಥವನ್ನು ಪಕ್ಕದಲ್ಲೇ ಕೊಡುತ್ತದೆ. ಹೆಸರನ್ನೂ ಅನುವಾದಿಸಿದ ಕಾಲ ಅದು.

ಹೊತ್ತು ಮುಳುಗುವಷ್ಟರಲ್ಲಿ ಎಡಗಡೆಯ ಕಟ್ಟು ತೆಳ್ಳಗಾಗಿತ್ತು, ಬಲಗಡೆಯದೂ. ನಡುವಿನ ಗುಂಪು ಎರಡಕ್ಕಿಂತಲೂ ಎತ್ತರ ಬೆಳೆದಿತ್ತು. ತರುಣಿ ಎಪಫ್ರೊದೀತನ ಚೀಟಿ ಮಗುಚಿ ಹೊಸದಾಗಿ ಬರೆದಳು: ಫಿಲಿಪ್ಪಿಯ ಕ್ರೈಸ್ತ; ಹೆಸರಿನಲ್ಲಿ ಅಫ್ರೊದೀತೆ; ಸೆರೆಯಲ್ಲಿದ್ದ ಪೌಲನಿಗೆ ನೆರವು ತಂದವನು; ಅಪೊಸ್ತಲ, ಲಿಟರ್ಜಿ ನೋಡಿ. ಬರೆದು ಹಿರಿಯರಿಗೆ ತೋರಿಸಿದಳು. ಅವರು ಒಂದು ಒತ್ತಕ್ಷರ ತಿದ್ದಿ ವಾಪಸು ಕೊಟ್ಟರು.

“ಈ ಎರಡು ತಲೆಚೀಟಿ?” ಎಂದು ಕೇಳಿದರು.

ಅವಳು ಎರಡನ್ನೂ ತೆಗೆದು ಪುಸ್ತಕದೊಳಗೆ ಸಿಕ್ಕಿಸಿದಳು. ಆಮೇಲೆ ಮೂರೂ ಗುಂಪುಗಳನ್ನು ಕಲೆಸಿ, ದೀಪ ಹಚ್ಚಿಕೊಂಡು, ಅಕಾರಾದಿಯಾಗಿ ಜೋಡಿಸಲು ಕೂತಳು. ಅಂತಿಯೋಕ್ಯ, ಕ್ರೈಸ್ತರಿಗೆ ಆ ಹೆಸರು ಮೊದಲು ಬಿದ್ದ ಊರು, ಮುಂದೆ ಬಂತು. ಅಪೊಲೊ ಮತ್ತು ಅಪೊಸ್ತಲ ಅಕ್ಕಪಕ್ಕ ನಿಂತರು. ದೆವ್ವದ ಹಿಂದೆಯೇ ದೇವದೂತ, ಅವನ ಹಿಂದೆ ದೈಮೊನ್. ಹಿರಿಯರು ಹಿಂದಿನಿಂದ ಒಂದೊಂದೇ ಚೀಟಿ ಎತ್ತಿ ಕೊಡುತ್ತಿದ್ದರು. ಯಕಾರ ಬಂದಾಗ ಅವಳ ಕೈ ನಿಂತಿತು.

“ಯೆಹೋವ,” ಎಂದಳು. “ಆಮೇಲೆ ಯೆಹೋಶುವ. ಅದರ ಬೆನ್ನಿಗೇ ಯೇಸು.”

“ಕೊನೆಯ ಎರಡನ್ನೂ ಮೆಲ್ಲಗೆ ಓದು. ಮೋಶೆಯ ನಂತರ ಜನರನ್ನು ನಡೆಸಿದವನ ಹೆಸರು ಯೆಹೋಶುವ, ‘ಯೆಹೋವ ರಕ್ಷಿಸುತ್ತಾನೆ’ ಎಂದರ್ಥ. ಜನರ ಬಾಯಲ್ಲಿ ಅದು ಯೇಶುವ ಎಂದು ಸವೆಯಿತು. ಗ್ರೀಕಿನಲ್ಲಿ ‘ಶ’ ಇಲ್ಲ, ಕೊನೆಯ ಗಂಟಲಕ್ಷರವೂ ಇಲ್ಲ. ‘ಶ’ ಹೋಗಿ ‘ಸ’ ಬಂತು, ಗಂಡಸಿನ ಹೆಸರಿಗೆ ಬೇಕಾದ ವಿಭಕ್ತಿಯ ‘ಸ್’ ಸೇರಿತು, ಯೇಸೂಸ್ ಆಯಿತು. ಗ್ರೀಕ್ ಹಳೆ ಒಡಂಬಡಿಕೆಯಲ್ಲಿ ಯೆಹೋಶುವನ ಪುಸ್ತಕದ ತಲೆಬರಹವೇ ಯೇಸೂಸ್. ಇಬ್ರಿಯರಿಗೆ ಬರೆದ ಪತ್ರದಲ್ಲಿ ಯೆಹೋಶುವನ ಮಾತು ಬರುವಲ್ಲಿ 1611ರ ಇಂಗ್ಲಿಷ್ ಬೈಬಲ್ ಜೀಸಸ್ ಎಂದೇ ಅಚ್ಚುಹಾಕಿತು. ನಮ್ಮಲ್ಲಿ ‘ಶ’ ಇದೆ, ಆದರೂ ಹೆಸರು ಗ್ರೀಕ್ ದಾರಿಯಿಂದ ಬಂದದ್ದರಿಂದ ಯೇಸು ಎನ್ನುತ್ತೇವೆ.”

ತರುಣಿ ಎರಡು ಚೀಟಿಗಳನ್ನೂ ದೀಪದ ಬೆಳಕಿಗೆ ಹಿಡಿದಳು. ಒಂದರ ಬೆನ್ನಿಗೆ ಯಾರದೋ ಮದುವೆಯ ಮುಹೂರ್ತದ ಹೊತ್ತು, ಇನ್ನೊಂದರ ಬೆನ್ನಿಗೆ ಇಗರ್ಜಿಯ ಪೂಜೆಯ ಹೊತ್ತು ಅಚ್ಚಾಗಿತ್ತು. ಮೊದಲನೆಯದರಲ್ಲಿ ‘ಯೇಸು ನೋಡಿ’ ಎಂದೂ ಎರಡನೆಯದರಲ್ಲಿ ‘ಯೆಹೋಶುವ ನೋಡಿ’ ಎಂದೂ ಬರೆದು, ಒಂದರ ಮೇಲೊಂದು ಇಟ್ಟು, ಮುಂದಿನ ಚೀಟಿಗೆ ಕೈಚಾಚಿದಳು.